ಹೊಸೂರು ಕೋಟೆಯಲ್ಲಿ ಒಬ್ಬ ನೌಕಾಧಿಕಾರಿ

ರಾಯಕೋಟೆ ಬೆಟ್ಟವನ್ನು ಬೆನ್ನಿಗೆ ಬಿಟ್ಟು ಹೊಸೂರಿನ ಕಡೆ ಹೊರಟರೆ ನಡುದಾರಿಯಲ್ಲಿ ಉದ್ದನಪಲ್ಲಿ ಸಿಗುತ್ತದೆ. ಅಲ್ಲಿಂದ ಒಂದು ದಾರಿ ಕೆಲಮಂಗಲಕ್ಕೆ ಕವಲೊಡೆಯುತ್ತದೆ, ಇನ್ನೊಂದು ಶೂಲಗಿರಿಗೆ. ರಾಗಿ ಹೊಲ, ಟೊಮೆಟೊ ತೋಟ, ಮಾವಿನ ತೋಪು, ಅಲ್ಲಲ್ಲಿ ಹಾಸುಬಂಡೆ. ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಜಗಲಿಯ ಮೇಲೆ ಕೂತು ಮಾತಾಡುವ ಸೀಮೆ ಇದು. ಇಲ್ಲಿಂದ ಯಾವ ದಿಕ್ಕಿಗೆ ಹೋದರೂ ಸಮುದ್ರ ಸಿಗಬೇಕಾದರೆ ಇನ್ನೂರು ಕಿಲೋಮೀಟರಿಗೂ ಮಿಕ್ಕಿ ಹೋಗಬೇಕು.

ಇಂಥ ಒಳನಾಡಿನಲ್ಲಿ, ಟಿಪ್ಪು ಸುಲ್ತಾನನ ಕಾಲದಲ್ಲಿ, ಇಂಗ್ಲೆಂಡಿನ ನೌಕಾಪಡೆಯ ಅಧಿಕಾರಿಯೊಬ್ಬ ಕೋಟೆ ಕಟ್ಟುವ ಕೆಲಸದಲ್ಲಿದ್ದ. ಹೆಸರು ಹ್ಯಾಮಿಲ್ಟನ್. ಹೊಸೂರು ಕೋಟೆಯ ದುರಸ್ತಿ ನಡೆದದ್ದು ಅವನ ಕೈಚಳಕದಿಂದ ಎಂದು ಆ ಕಾಲದ ಇಂಗ್ಲಿಷ್ ಬರಹಗಳು ಹೇಳುತ್ತವೆ. 1791ರಲ್ಲಿ, ಅವನ ದೇಶದ ಸೈನ್ಯ ಬೆಂಗಳೂರಿನಿಂದ ಹೊಸೂರಿನತ್ತ ಹೊರಡುವ ಹೊತ್ತಿಗೆ, ಅವನನ್ನೂ ಜೊತೆಯ ಇಬ್ಬರನ್ನೂ ಕೊಂದುಹಾಕಲಾಗಿತ್ತು. ಅವನ ಪಾಲಿಗೆ ಇತಿಹಾಸ ಮೀಸಲಿಟ್ಟಿರುವುದು ನಾಲ್ಕಾರು ಸಾಲು ಮಾತ್ರ. ಆದರೆ ಅವನನ್ನು ಕಡಲಿನಿಂದ ಈ ಬಯಲುಸೀಮೆಗೆ ತಂದು ನಿಲ್ಲಿಸಿದ ಘಟನೆಗಳ ಸರಪಳಿ ಚೆನ್ನಾಗಿ ದಾಖಲಾಗಿದೆ. ಆ ಸರಪಳಿಯ ಒಂದೊಂದು ಕೊಂಡಿಯಲ್ಲೂ ಒಬ್ಬ ದೊಡ್ಡ ಮನುಷ್ಯ, ಒಂದು ಸರ್ಕಾರ, ಒಂದು ಲೆಕ್ಕಾಚಾರ ಕಾಣಿಸುತ್ತದೆ. ಅದಕ್ಕೇ ಈ ಕಥೆಯನ್ನು ಕಡಲಿನಿಂದಲೇ ಹೇಳಬೇಕು.

1780ರಲ್ಲಿ ಹೈದರ್ ಅಲಿ ಘಟ್ಟ ಇಳಿದು ಆರ್ಕಾಟಿನ ಸೀಮೆಗೆ ನುಗ್ಗಿದ. ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಇಂಗ್ಲಿಷರ ಕರ್ನಲ್ ಬೇಲಿಯ ಪಡೆ ನುಚ್ಚುನೂರಾಗಿ, ಬದುಕುಳಿದವರು ಶ್ರೀರಂಗಪಟ್ಟಣದ ಸೆರೆ ಸೇರಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಬ್ರಿಟಿಷ್ ನೌಕಾದಳದ ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ಪಶ್ಚಿಮ ಕರಾವಳಿಗೆ ಬಂದು ಮಂಗಳೂರಿನ ಬಂದರಿನಲ್ಲಿದ್ದ ಹೈದರನ ಹಡಗುಗಳನ್ನು ಸುಟ್ಟುಹಾಕಿದ. ಹಡಗುಪಡೆ ಕಟ್ಟಬೇಕೆಂಬುದು ಹೈದರನ ಬಹುಕಾಲದ ಹಂಬಲ. ಅದು ಒಂದೇ ದಿನದಲ್ಲಿ ಬೂದಿಯಾಯಿತು. ಭೂಮಿಯ ಮೇಲೆ ತನ್ನನ್ನು ತಡೆಯುವವರಿಲ್ಲದಿದ್ದರೂ ಕಡಲಿನಲ್ಲಿ ಇಂಗ್ಲಿಷರನ್ನು ತಡೆಯಲು ಇನ್ನೊಬ್ಬರ ಕೈ ಬೇಕು ಎಂಬುದು ಅವನಿಗೆ ಅಂದು ಸ್ಪಷ್ಟವಾಗಿರಬೇಕು.

ಆ ಕೈ ಒದಗಿದ್ದು ಫ್ರಾನ್ಸಿನಿಂದ. 1782ರ ಆರಂಭದಲ್ಲಿ ಫ್ರೆಂಚ್ ನೌಕಾದಳ ಬಂಗಾಳ ಕೊಲ್ಲಿಗೆ ಬಂತು. ಅದರ ಚುಕ್ಕಾಣಿ ಸ್ವಲ್ಪ ದಿನದಲ್ಲೇ ಸಫ್ರೆನ್ ಎಂಬ ಸೇನಾನಿಯ ಕೈಗೆ ಸಿಕ್ಕಿತು. ದಪ್ಪ ದೇಹ, ಮುಂಗೋಪ, ಅಸಾಧಾರಣ ಧೈರ್ಯ, ಇವೆಲ್ಲ ಅವನ ಬಗ್ಗೆ ಅಂದಿನವರು ಹೇಳಿದ ಮಾತುಗಳೇ. ದಾರಿಯಲ್ಲಿ, ಜನವರಿಯಲ್ಲಿ, ಫ್ರೆಂಚರಿಗೆ ಒಂದು ಒಂಟಿ ಬ್ರಿಟಿಷ್ ಯುದ್ಧನೌಕೆ ಸಿಕ್ಕಿಬಿತ್ತು. 50 ತೋಪಿನ ಆ ನೌಕೆಯ ಹೆಸರು ಹ್ಯಾನಿಬಲ್, ಕಪ್ತಾನ ಅಲೆಕ್ಸಾಂಡರ್ ಕ್ರಿಸ್ಟಿ. ಸುತ್ತುವರಿದ ಹಡಗುಗಳೆದುರು ಅದು ಸೋತು ಬಾವುಟ ಇಳಿಸಿತು. ಅದರಲ್ಲಿದ್ದ ನಾವಿಕರು, ಕಿರಿಯ ಅಧಿಕಾರಿಗಳು, ಹದಿಹರೆಯದ ಹುಡುಗರು ಎಲ್ಲರೂ ಸೆರೆಯಾದರು. ಅವರಲ್ಲಿ ಡೆವನ್ ಪ್ರಾಂತದ ಜೇಮ್ಸ್ ಸ್ಕರಿ ಎಂಬ ಹುಡುಗನೂ ಇದ್ದ. ಮುಂದೆ ಈ ಸೆರೆಯಾಳುಗಳ ಬದುಕನ್ನು ನಮಗೆ ತಿಳಿಸುವವನು ಅವನೇ.

ಫೆಬ್ರವರಿಯಲ್ಲಿ ಸದ್ರಾಸ್, ಏಪ್ರಿಲ್‌ನಲ್ಲಿ ಪ್ರಾವಿಡಿಯನ್, ಜುಲೈನಲ್ಲಿ ನಾಗಪಟ್ಟಣ. ಹ್ಯೂಸ್ ಮತ್ತು ಸಫ್ರೆನ್ ಮತ್ತೆ ಮತ್ತೆ ಎದುರಾದರು, ಯಾರೂ ಪೂರ್ತಿ ಗೆಲ್ಲಲಿಲ್ಲ. ಸಫ್ರೆನ್ನನ ಕೈಗೆ ಸಿಕ್ಕ ಇಂಗ್ಲಿಷ್ ನಾವಿಕರ ಸಂಖ್ಯೆ ಮಾತ್ರ ಬೆಳೆಯುತ್ತಾ ಹೋಯಿತು. ಅವನ ಹತ್ತಿರ ಸ್ವಂತದ ಬಂದರಿಲ್ಲ, ತನ್ನ ಜನಕ್ಕೇ ತಿನ್ನಲು ಸಾಲದು. ಕೈದಿಗಳನ್ನು ದೂರದ ಮಾರಿಷಸ್ಸಿಗೆ ಸಾಗಿಸೋಣವೆಂದರೆ ಯುದ್ಧಕ್ಕೆ ಬೇಕಾದ ಹಡಗುಗಳೇ ಕಮ್ಮಿಯಾಗುತ್ತವೆ. ಕೈದಿಗಳ ವಿನಿಮಯ ಮಾಡಿಕೊಳ್ಳೋಣ ಎಂದು ಅವನು ಮದರಾಸಿಗೆ ಹೇಳಿಕಳಿಸಿದ. ಗವರ್ನರ್ ಮೆಕಾರ್ಟ್ನಿಯೂ ಅಡ್ಮಿರಲ್ ಹ್ಯೂಸನೂ ಒಪ್ಪಲಿಲ್ಲ. ಕಾರಣ ಸರಳ. ಬಿಡುಗಡೆಯಾದ ಫ್ರೆಂಚ್ ನಾವಿಕರು ನೇರವಾಗಿ ಸಫ್ರೆನ್ನನ ಹಡಗು ಹತ್ತುತ್ತಾರೆ, ಅವನ ಬಲ ಹೆಚ್ಚುತ್ತದೆ. ಯುದ್ಧತಂತ್ರದ ದೃಷ್ಟಿಯಿಂದ ಈ ಮಾತು ತಪ್ಪಲ್ಲ. ಆದರೆ ಆ ನಿರಾಕರಣೆಯ ಬೆಲೆಯನ್ನು ತೆತ್ತವರು ಮದರಾಸಿನ ಕೋಟೆಯಲ್ಲಿ ಕೂತವರಲ್ಲ.

1782ರ ಜುಲೈ ಕೊನೆಯಲ್ಲಿ ಕಡಲೂರಿನ ಹತ್ತಿರ ಬಾಹೂರಿನಲ್ಲಿ ಹೈದರನೂ ಸಫ್ರೆನ್ನನೂ ಭೇಟಿಯಾದರು. ಪರಸ್ಪರ ಮೆಚ್ಚಿಕೊಂಡರು. ಆಗಸ್ಟಿನಲ್ಲಿ ಸಫ್ರೆನ್ ತನ್ನಲ್ಲಿದ್ದ ಇಂಗ್ಲಿಷ್ ಕೈದಿಗಳನ್ನು, ನಾಲ್ಕೈದು ನೂರು ಜನರನ್ನು, ಹೈದರನ ಕಾವಲಿಗೆ ಒಪ್ಪಿಸಿಬಿಟ್ಟ. ಯುರೋಪಿನ ಯುದ್ಧಗಳ ರೂಢಿಯಲ್ಲಿ ನೌಕಾ ಕೈದಿಗಳನ್ನು ಹೀಗೆ ಮೂರನೆಯವರ ಕೈಗೆ ಕೊಡುವುದು ಕೇಳರಿಯದ ಸಂಗತಿ. ಸಫ್ರೆನ್ನನ ಶೌರ್ಯವನ್ನು ಕೊಂಡಾಡುವವರೂ ಈ ಒಂದು ಕೆಲಸವನ್ನು ಸಮರ್ಥಿಸಿಕೊಳ್ಳಲು ತಡವರಿಸುತ್ತಾರೆ. ಹ್ಯಾಮಿಲ್ಟನ್ ಮೈಸೂರು ಸೀಮೆಗೆ ಬಂದದ್ದು ಈ ದಾರಿಯಲ್ಲಿ.

ಕಡಲೂರಿನಿಂದ ಚಿದಂಬರಕ್ಕೆ, ಅಲ್ಲಿಂದ ಒಳನಾಡಿಗೆ, ಆಮೇಲೆ ಘಟ್ಟ ಹತ್ತಿ ಬೆಂಗಳೂರಿಗೆ ಅವರನ್ನು ನಡೆಸಿಕೊಂಡು ಬಂದರು. ಹಡಗಿನ ಹಲಗೆಯ ಮೇಲೆ ನಿಂತು ಅಭ್ಯಾಸವಾದ ಕಾಲುಗಳಿಗೆ ಕಲ್ಲುಮುಳ್ಳಿನ ದಾರಿ. ಭೇದಿ, ಜ್ವರ, ಹಸಿವು. ಬೆಂಗಳೂರಿನಲ್ಲಿ ಹುಡುಗರನ್ನು ಬೇರೆ ಆರಿಸಿ ಶ್ರೀರಂಗಪಟ್ಟಣಕ್ಕೆ ಕಳಿಸಿದರು. ಸ್ಕರಿ ಅವರಲ್ಲಿ ಒಬ್ಬ. ಅವರ ತಲೆ ಬೋಳಿಸಿದರು, ಸುನ್ನತಿ ಮಾಡಿಸಿದರು, ಕಿವಿಗೆ ಬಳೆ ಹಾಕಿದರು, ಹೊಸ ಹೆಸರಿಟ್ಟರು. ಸ್ಕರಿಗೆ ಬಂದ ಹೆಸರು ಶಂಶೇರ್ ಖಾನ್. ಈ ಹುಡುಗರನ್ನು ಚೇಲಾ ಎಂದು ಕರೆಯುತ್ತಿದ್ದ ಗುಲಾಮರ ದಂಡಿಗೆ ಸೇರಿಸಿ ಕವಾಯತು ಕಲಿಸಿದರು.

ಅವರಿಗೆ ಮದುವೆಯನ್ನೂ ಮಾಡಿಸಿದರು. ವಧುಗಳು ಆರ್ಕಾಟಿನ ಸೀಮೆಯಿಂದ ಹೈದರನ ದಂಡು ಹಿಡಿದು ತಂದಿದ್ದ ಹೆಣ್ಣುಮಕ್ಕಳು. ಎರಡು ಕಡೆಯೂ ಸೆರೆಯೇ. ಸ್ಕರಿಯ ಆತ್ಮಕಥನದಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸುವ ಭಾಗ ಇದು. ಆಟಪಾಟದ ವಯಸ್ಸಿನಲ್ಲಿ ಊರು ಕಳೆದುಕೊಂಡು ಅವನ ಹೆಂಡತಿಯಾದ ಹುಡುಗಿ ಅವನಿಗೆ ಅಡುಗೆ ಮಾಡಿ ಹಾಕಿದಳು, ಮಗುವನ್ನು ಹೆತ್ತುಕೊಟ್ಟಳು. 1791ರಲ್ಲಿ ಅವನು ಕೆಲವು ಗೆಳೆಯರೊಂದಿಗೆ ಚಿತ್ರದುರ್ಗದ ಕಡೆಯಿಂದ ತಪ್ಪಿಸಿಕೊಂಡು ಮರಾಠರ ಪಾಳೆಯ ಸೇರಿದ. ಹೆಂಡತಿ ಮಗು ಇಲ್ಲೇ ಉಳಿದರು. ಅವರನ್ನು ಬಿಟ್ಟುಬಂದ ಸಂಕಟವನ್ನು ಅವನು ಮುಚ್ಚಿಟ್ಟಿಲ್ಲ. ಇಂಗ್ಲಿಷ್ ಅಧಿಕಾರಿಗಳೆದುರು ಬಂದು ನಿಂತಾಗ ಅವನಿಗೆ ಕುರ್ಚಿಯ ಮೇಲೆ ಕೂರಲು ಬರುತ್ತಿರಲಿಲ್ಲ, ಚಾಕು ಮುಳ್ಳುಚಮಚ ಹಿಡಿಯುವುದು ಮರೆತುಹೋಗಿತ್ತು, ಹುಟ್ಟುಭಾಷೆಯೇ ನಾಲಿಗೆಯ ಮೇಲೆ ತೊದಲುತ್ತಿತ್ತು, ಬಿಸಿಲಿಗೆ ಮೈ ಕಪ್ಪಾಗಿತ್ತು. ಇಂಗ್ಲೆಂಡಿಗೆ ಮರಳಿ 1822ರಲ್ಲಿ ತೀರಿಕೊಂಡ. ಅವನ ಪುಸ್ತಕ ಅಚ್ಚಾದದ್ದು 1824ರಲ್ಲಿ. ಆ ಪುಸ್ತಕದಿಂದ ಅವನ ಬದುಕು ನಮಗೆ ಗೊತ್ತು. ಅವನ ಮಗುವಿನ ತಾಯಿಯ ಕಥೆ ಬರೆಯಲು ಯಾರೂ ಇರಲಿಲ್ಲ.

ಹೈದರ್ 1782ರ ಡಿಸೆಂಬರ್ 7ರಂದು ಚಿತ್ತೂರಿನ ಹತ್ತಿರ ತೀರಿಕೊಂಡ. ಯುದ್ಧವನ್ನು ಟಿಪ್ಪು ಮುಂದುವರಿಸಿದ. 1784ರ ಮಾರ್ಚ್ 11ರ ಮಂಗಳೂರು ಒಪ್ಪಂದದಲ್ಲಿ ಎರಡೂ ಕಡೆಯ ಕೈದಿಗಳನ್ನು ಬಿಡಬೇಕೆಂದು ಬರೆಯಲಾಯಿತು. ಸಾವಿರಕ್ಕೂ ಮಿಕ್ಕಿ ಯುರೋಪಿಯನ್ನರು, ಇನ್ನೂ ಹೆಚ್ಚು ಸಂಖ್ಯೆಯ ಸಿಪಾಯಿಗಳು ಬಿಡುಗಡೆಯಾಗಿ ಹೋದರು. ಮುಂದೆ 1799ರಲ್ಲಿ ಶ್ರೀರಂಗಪಟ್ಟಣಕ್ಕೆ ಲಗ್ಗೆ ಹಾಕಿದ ಡೇವಿಡ್ ಬೇರ್ಡ್ ಹಾಗೆ ಹೋದವರಲ್ಲಿ ಒಬ್ಬ. ಆದರೆ ಮತಾಂತರವಾದ ಹುಡುಗರನ್ನೂ ಕಸುಬು ಬಲ್ಲವರನ್ನೂ ಟಿಪ್ಪು ಬಿಡಲಿಲ್ಲ. ಹೊರಗೆ ಹೋದವರು ಮದರಾಸಿನಲ್ಲಿ ಈ ಮಾತನ್ನು ಹೇಳಿದರು. ಈಸ್ಟ್ ಇಂಡಿಯಾ ಕಂಪನಿ ಸರ್ಕಾರಕ್ಕೆ ಆಗ ಶಾಂತಿ ಬೇಕಾಗಿತ್ತು, ಬೊಕ್ಕಸ ಖಾಲಿಯಾಗಿತ್ತು. ಉಳಿದವರನ್ನು ಬಿಡಿಸಿಕೊಳ್ಳಲು ಅದು ಬಲವಾಗಿ ಒತ್ತಾಯಿಸಲಿಲ್ಲ.

ಕಸುಬಿನವರನ್ನು ಟಿಪ್ಪು ಯಾಕೆ ಹಿಡಿದಿಟ್ಟ ಎಂಬುದು ಅವನ ಆಡಳಿತ ಬಲ್ಲವರಿಗೆ ಆಶ್ಚರ್ಯದ ವಿಷಯವಲ್ಲ. ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ, ಬಿದನೂರುಗಳಲ್ಲಿ ಅವನು ಕಾರ್ಖಾನೆಗಳನ್ನು ನಡೆಸಿದ. ತೋಪು ಎರಕ, ಬಂದೂಕು, ರಾಕೆಟ್, ಕಾಗದ, ಗಡಿಯಾರ, ಎಲ್ಲದರಲ್ಲೂ ಅವನಿಗೆ ಆಸಕ್ತಿ. ಹೊಸ ವಿದ್ಯೆ ಎಲ್ಲಿದ್ದರೂ ತರಿಸಿಕೊಳ್ಳಬೇಕೆಂಬ ಹಸಿವು. ಆ ಹಸಿವಿನ ಬಗ್ಗೆ ನನಗೆ ಗೌರವವಿದೆ. ಅದೇ ಹಸಿವು ಕೆಲವು ಮನುಷ್ಯರನ್ನು ಮನೆಗೆ ಹೋಗಗೊಡದೆ ಹಿಡಿದಿಟ್ಟಿತು ಎಂಬುದನ್ನೂ ಅಷ್ಟೇ ನೇರವಾಗಿ ಹೇಳಬೇಕು.

ಹ್ಯಾಮಿಲ್ಟನ್ ಸೇರಿದ್ದು ಈ ಕಸುಬಿನವರ ಸಾಲಿಗೆ. ಆ ಕಾಲದ ನೌಕಾಧಿಕಾರಿಗೆ ರೇಖಾಗಣಿತ ಗೊತ್ತಿರುತ್ತಿತ್ತು, ಕೋನ ಅಳೆಯಲು ಬರುತ್ತಿತ್ತು, ರಾಟೆ ಹಗ್ಗಗಳಿಂದ ಭಾರ ಎತ್ತಿಸುವುದು ದಿನನಿತ್ಯದ ಕೆಲಸವಾಗಿತ್ತು. ತೋಪಿನ ಗುಂಡು ಎಲ್ಲಿಂದ ಹೊರಟು ಎಲ್ಲಿ ಬೀಳುತ್ತದೆ ಎಂದು ಅನುಭವದಿಂದ ಬಲ್ಲವನಿಗೆ ಗೋಡೆ ಎಷ್ಟು ದಪ್ಪವಿರಬೇಕು, ಬುರುಜು ಎತ್ತ ಮುಖ ಮಾಡಬೇಕು ಎಂದು ಹೇಳಿಕೊಡಬೇಕಾಗಿಲ್ಲ. ಹೊಸೂರಿನ ಗಾರೆಯವರು, ಕಲ್ಲುಕುಟಿಗರು, ಒಡ್ಡರು ಅವನ ಕೈಕೆಳಗೆ ದುಡಿದಿರಬೇಕು. ಇಲ್ಲಿಯವರ ಮಾತನ್ನು ಒಂದಿಷ್ಟಾದರೂ ಕಲಿಯದೆ ಅವನಿಂದ ಆ ಕೆಲಸ ಸಾಗಿರಲಾರದು.

ಹೊಸೂರು ಸುಮ್ಮನೆ ಆರಿಸಿಕೊಂಡ ಜಾಗವಲ್ಲ. ಬಾರಾಮಹಲಿನಿಂದ, ಅಂದರೆ ಇಂದಿನ ಕೃಷ್ಣಗಿರಿ, ಧರ್ಮಪುರಿಗಳ ಬಯಲಿನಿಂದ, ಬೆಂಗಳೂರಿಗೆ ಹತ್ತುವ ದಾರಿಗಳಲ್ಲಿ ಪಾಲಕ್ಕೋಡಿನ ಕಣಿವೆಯದು ಸುಲಭ. ಆ ಕಣಿವೆಯ ತಲೆಯ ಮೇಲೆ ರಾಯಕೋಟೆ. ಅದನ್ನು ದಾಟಿದವರು ಉದ್ದನಪಲ್ಲಿ, ಕೆಲಮಂಗಲದ ಮೇಟುಭೂಮಿಗೆ ಬರುತ್ತಾರೆ, ಅಲ್ಲಿಂದ ಹೊಸೂರು, ಹೊಸೂರಿನಿಂದ ಬೆಂಗಳೂರು. 1768ರಲ್ಲೇ ಈ ದಾರಿಗಾಗಿ ಕಾದಾಟ ನಡೆದಿತ್ತು. ಆ ವರ್ಷ ಇಂಗ್ಲಿಷರು ಹೊಸೂರನ್ನು ಹಿಡಿದರು. ಕೆಲವೇ ತಿಂಗಳಲ್ಲಿ ಬಾಗಲೂರಿನ ಹತ್ತಿರ ಹೈದರ್ ಕರ್ನಲ್ ವುಡ್ಡನ ಪಡೆಯನ್ನು ಹಣ್ಣುಗಾಯಿ ನೀರುಗಾಯಿ ಮಾಡಿ ತೋಪುಗಳನ್ನು ಕಿತ್ತುಕೊಂಡ. ಬೆಂಗಳೂರನ್ನು ಕಾಪಾಡಬೇಕಾದರೆ ಹೊಸೂರು ಗಟ್ಟಿಯಾಗಿರಬೇಕು. ಟಿಪ್ಪುವಿಗೆ ಇದು ಚೆನ್ನಾಗಿ ತಿಳಿದಿತ್ತು.

ಮೂರನೆಯ ಮೈಸೂರು ಯುದ್ಧದಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ತಾನೇ ದಂಡೆತ್ತಿ ಬಂದ. ಅವನು ಈ ದಾರಿ ಹಿಡಿಯಲಿಲ್ಲ. ಉತ್ತರದ ಮುಗಲಿ ಕಣಿವೆ ಹತ್ತಿ, ಕೋಲಾರದ ಕಡೆಯಿಂದ ಸುತ್ತಿ ಬಂದು, 1791ರ ಮಾರ್ಚ್ 21ರ ರಾತ್ರಿ ಬೆಂಗಳೂರು ಕೋಟೆಯನ್ನು ಹಿಡಿದ. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದವರೆಗೆ ಹೋದ. ಮೇ 15ರಂದು ಅರಕೆರೆಯಲ್ಲಿ ಗೆದ್ದರೂ ಮಳೆ, ಜಾನುವಾರುಗಳ ಸಾವು, ಕಾಳಿನ ಕೊರತೆಗಳಿಂದ ಕಂಗೆಟ್ಟು, ದೊಡ್ಡ ತೋಪುಗಳನ್ನು ತಾನೇ ಒಡೆದುಹಾಕಿ ಬೆಂಗಳೂರಿಗೆ ಹಿಂದಿರುಗಿದ. ಆಗ ಅವನಿಗೆ ಎಲ್ಲಕ್ಕಿಂತ ಅಗತ್ಯವಾಗಿ ಬೇಕಾದದ್ದು ಕರ್ನಾಟಿಕ್ ಬಯಲಿನಿಂದ ಅಕ್ಕಿ, ಮದ್ದುಗುಂಡು ತರಿಸಿಕೊಳ್ಳಲು ಒಂದು ನಿಶ್ಚಿಂತೆಯ ದಾರಿ. ಕಣ್ಣು ಹೊಸೂರು, ರಾಯಕೋಟೆಗಳ ಮೇಲೆ ಬಿತ್ತು.

ಜುಲೈ ಮಧ್ಯದಲ್ಲಿ ಮೇಜರ್ ಗೌಡಿ ಎಂಬ ಅಧಿಕಾರಿಯ ದಳ ಮುಂದಾಗಿ ಹೊಸೂರಿಗೆ ಬಂತು. ಕಾದಾಟ ನಡೆಯಲಿಲ್ಲ. ಕೋಟೆಯ ಕೆಲಸ ಇನ್ನೂ ಪೂರ್ತಿಯಾಗಿರಲಿಲ್ಲ. ಟಿಪ್ಪುವಿನ ಪಡೆ ಮದ್ದಿಟ್ಟು ಕೋಟೆಯನ್ನು ಸಿಡಿಸಲು ನೋಡಿ ಖಾಲಿ ಮಾಡಿ ಹೊರಟುಹೋಗಿತ್ತು. ಒಳಹೊಕ್ಕವರಿಗೆ ಊರವರಿಂದ ತಿಳಿದದ್ದು ಬೇರೆಯೇ ಸುದ್ದಿ. ಇಲ್ಲಿ ಮೂವರು ಇಂಗ್ಲಿಷ್ ಸೆರೆಯಾಳುಗಳಿದ್ದರು, ಬೆಂಗಳೂರು ಕೈತಪ್ಪಿದ ಮೇಲೆ ಅವರ ತಲೆ ಕಡಿಯಲಾಯಿತು, ಅವರಲ್ಲಿ ಹ್ಯಾಮಿಲ್ಟನ್ ಒಬ್ಬ.

ಯಾಕೆ ಕೊಂದರು? 1784ರ ಒಪ್ಪಂದದ ಪ್ರಕಾರ ಅವರು ಮೈಸೂರು ಸೀಮೆಯಲ್ಲಿ ಇರಲೇಬಾರದಿತ್ತು. ಅವರು ಜೀವಂತ ಸಿಕ್ಕಿದರೆ ಒಪ್ಪಂದ ಮುರಿದದ್ದಕ್ಕೆ ಸಾಕ್ಷಿ ಸಿಕ್ಕಿದ ಹಾಗೆ. ಜೊತೆಗೆ, ಕೋಟೆಯ ಒಳಗುಟ್ಟೆಲ್ಲ ಬಲ್ಲ ಮನುಷ್ಯ ಶತ್ರುವಿನ ಕೈಗೆ ಹೋಗುತ್ತಾನೆ. ನನ್ನ ತೀರ್ಮಾನ ಇಷ್ಟು. ಒಂಬತ್ತು ವರ್ಷ ದುಡಿಸಿಕೊಂಡ ನಿರಾಯುಧ ಮನುಷ್ಯನನ್ನು ಹೀಗೆ ಕೊಂದದ್ದು ಅಪರಾಧ. ಟಿಪ್ಪು ಕಂಪನಿಯ ವಿರುದ್ಧ ಕಡೆಯವರೆಗೂ ಕಾದಿದ, 1799ರ ಮೇ 4ರಂದು ಕೋಟೆಯ ಬಾಗಿಲಲ್ಲೇ ಪ್ರಾಣ ಬಿಟ್ಟ ಎಂಬ ಸತ್ಯ ಈ ಅಪರಾಧವನ್ನು ಅಳಿಸುವುದಿಲ್ಲ. ಈ ಅಪರಾಧ ಆ ಸತ್ಯವನ್ನೂ ಅಳಿಸುವುದಿಲ್ಲ. ಇಂಗ್ಲಿಷರು ಇಂಥ ಸೆರೆಯಾಳುಗಳ ಕಥೆಗಳನ್ನು ಲಂಡನ್ನಿನಲ್ಲಿ ಅಚ್ಚು ಹಾಕಿಸಿ, ಟಿಪ್ಪುವನ್ನು ರಾಕ್ಷಸನೆಂದು ಚಿತ್ರಿಸಿ, ತಮ್ಮ ದಂಡಯಾತ್ರೆಗೆ ಜನಬೆಂಬಲ ಗಿಟ್ಟಿಸಿಕೊಂಡರು. ಅದೇ ಇಂಗ್ಲಿಷರು 1782ರಲ್ಲಿ ವಿನಿಮಯಕ್ಕೆ ಒಪ್ಪಿದ್ದರೆ, 1784ರಲ್ಲಿ ಪಟ್ಟು ಹಿಡಿದಿದ್ದರೆ ಹ್ಯಾಮಿಲ್ಟನ್ ಬಹುಶಃ ಊರು ಸೇರುತ್ತಿದ್ದ. ಅವನನ್ನು ಹೊಸೂರಿಗೆ ತಂದು ಬಿಟ್ಟವರ ಪಟ್ಟಿಯಲ್ಲಿ ಹ್ಯೂಸ್, ಮೆಕಾರ್ಟ್ನಿ, ಸಫ್ರೆನ್, ಹೈದರ್, ಟಿಪ್ಪು ಎಲ್ಲರ ಹೆಸರೂ ಬರಬೇಕು.

ಹೊಸೂರಿನಲ್ಲಿ ನಿಲ್ಲದೆ ಗೌಡಿಯ ದಳ ರಾಯಕೋಟೆಯ ಕಡೆ ತಿರುಗಿತು. ಜುಲೈ 20ರಂದು ಕೆಳಕೋಟೆಯ ಮೇಲೆ ಬಿದ್ದಿತು. ಮೇಲಿನ ಗಿರಿದುರ್ಗ ಎಂಥ ದಾಳಿಯನ್ನೂ ತಡೆಯಬಲ್ಲಷ್ಟು ಕಡಿದಾದದ್ದು. ಆದರೂ ಕಿಲ್ಲೇದಾರ ಎರಡು ದಿನದಲ್ಲಿ ಶರಣಾದ. ಸುತ್ತಲಿನ ಅಂಚೆಟ್ಟಿದುರ್ಗ, ಉದೇದುರ್ಗಗಳಂಥ ಸಣ್ಣಪುಟ್ಟ ಕೋಟೆಗಳೂ ಒಂದೊಂದಾಗಿ ಉರುಳಿದವು. ಇಂಗ್ಲಿಷರ ಎತ್ತಿನ ಸಾಲು ಘಟ್ಟ ಹತ್ತಿ ಬರತೊಡಗಿತು. ಕೃಷ್ಣಗಿರಿ ಮಾತ್ರ ಬಗ್ಗಲಿಲ್ಲ. ನವೆಂಬರ್ 7ರ ರಾತ್ರಿ ಕರ್ನಲ್ ಮ್ಯಾಕ್ಸ್‌ವೆಲ್ ಪೇಟೆಯನ್ನು ಹಿಡಿದರೂ ಬೆಟ್ಟದ ಮೇಲಿನವರು ಬಂಡೆ ಉರುಳಿಸಿ ಅವನ ಪಡೆಯನ್ನು ಹಿಮ್ಮೆಟ್ಟಿಸಿದರು.

ಯುದ್ಧವನ್ನು ಮುಗಿಸಿದ 1792ರ ಒಪ್ಪಂದದಲ್ಲಿ ಬಾರಾಮಹಲು ಕಂಪನಿಯ ಪಾಲಾಯಿತು, ರಾಯಕೋಟೆ ಅದರ ಜೊತೆಗೆ ಹೋಯಿತು. ಹೊಸೂರು, ಕೆಲಮಂಗಲ, ಡೆಂಕಣಿಕೋಟೆಗಳು ಟಿಪ್ಪುವಿಗೇ ಉಳಿದವು. ಅಂದರೆ ಏಳು ವರ್ಷ ಎರಡು ರಾಜ್ಯಗಳ ಗಡಿ ಉದ್ದನಪಲ್ಲಿಯ ಆಸುಪಾಸಿನಲ್ಲೇ ಇತ್ತು. 1799ರ ಮಾರ್ಚ್ 5ರಂದು ಇಂಗ್ಲಿಷ್ ಸೈನ್ಯದ ಜನರಲ್ ಹ್ಯಾರಿಸ್ ಆ ಗಡಿ ದಾಟಿ ಮೈಸೂರು ರಾಜ್ಯಕ್ಕೆ ಕಾಲಿಟ್ಟ. ರಾಯಕೋಟೆಯಿಂದ ಕೆಲಮಂಗಲಕ್ಕೆ, ಕೆಲಮಂಗಲದಿಂದ ಮಾರ್ಚ್ 10ರಂದು ಮುಂದಕ್ಕೆ. ನಿಜಾಮನ ಪಡೆಯೂ ಜೊತೆಗಿತ್ತು. ಹೋರಿಗಳು, ಆನೆಗಳು, ಲಂಬಾಣಿಗರ ಕಾಳಿನ ಎತ್ತುಗಳು, ದಂಡಿನ ಹಿಂದೆ ಬರುವ ಬಜಾರಿನ ಜನ, ಎಲ್ಲರೂ ಈ ಬಯಲಿನ ಮೇಲೆ ಹಾದುಹೋದರು. ದಂಡು ಹೋದ ದಾರಿಯಲ್ಲಿ ಹುಲ್ಲು ಉಳಿಯುತ್ತಿರಲಿಲ್ಲ, ಶತ್ರುವಿಗೆ ಸಿಗಬಾರದೆಂದು ಟಿಪ್ಪುವಿನ ಕುದುರೆ ಸವಾರರು ಮೇವನ್ನು ಮೊದಲೇ ಸುಡುತ್ತಿದ್ದರು. ಬೇಸಗೆಯಲ್ಲಿ ದನಗಳಿಗೆಂದು ಬಣವೆ ಕೂಡಿಟ್ಟುಕೊಂಡಿದ್ದ ರೈತನಿಗೆ ಇಬ್ಬರೂ ಒಂದೇ.

ಟಿಪ್ಪು ಬಿದ್ದ ಮೇಲೆ ಹೊಸೂರು ಸೀಮೆ ಆ ವರ್ಷ ಸೇಲಂ ಜಿಲ್ಲೆಗೆ ಸೇರಿತು. 1965ರಲ್ಲಿ ಧರ್ಮಪುರಿಗೆ, 2004ರಲ್ಲಿ ಹೊಸ ಕೃಷ್ಣಗಿರಿ ಜಿಲ್ಲೆಗೆ. 19ನೆಯ ಶತಮಾನದಲ್ಲಿ ಬ್ರೆಟ್ ಎಂಬ ಸೇಲಂ ಕಲೆಕ್ಟರ್ ಹೊಸೂರಿನಲ್ಲಿ ಇಂಗ್ಲೆಂಡಿನ ಕೆನಿಲ್‌ವರ್ತ್ ಕೋಟೆಯ ಮಾದರಿಯಲ್ಲಿ ತನಗೊಂದು ಮನೆ ಕಟ್ಟಿಸಿಕೊಂಡ. ಹೊಸೂರಿನ ಚರಿತ್ರೆ ಎಂದರೆ ಆ ಬಂಗಲೆಯ ಕಥೆಯನ್ನು ಹೇಳುವವರು ಇಂದಿಗೂ ಸಿಗುತ್ತಾರೆ. ತನ್ನ ಇಷ್ಟಕ್ಕೆ ಮನೆ ಕಟ್ಟಿಸಿಕೊಂಡ ಇಂಗ್ಲಿಷನ ಹೆಸರು ಉಳಿಯಿತು. ಸೆರೆಯಲ್ಲಿದ್ದು ಕೋಟೆ ಕಟ್ಟಿ ಅಲ್ಲೇ ತಲೆ ಕೊಟ್ಟವನ ಹೆಸರು, ಅವನ ಜೊತೆ ಕಲ್ಲು ಹೊತ್ತ ನಮ್ಮವರ ಹೆಸರು ಊರಿನ ನೆನಪಿನಲ್ಲಿ ಉಳಿಯಲಿಲ್ಲ.

ರಾಯಕೋಟೆಯ ದುರ್ಗ ಈಗ ಸಂರಕ್ಷಿತ ಸ್ಮಾರಕ, ಬೆಟ್ಟ ಹತ್ತಿ ನೋಡಬಹುದು. ಹೊಸೂರಿನಲ್ಲಿ ಕಾರ್ಖಾನೆ, ಬಡಾವಣೆಗಳ ನಡುವೆ ಕೋಟೆ ಹೆಚ್ಚುಕಡಿಮೆ ಕರಗಿಹೋಗಿದೆ. ಅದು ಇದ್ದ ಜಾಗದಲ್ಲಿ ತಮಿಳು, ಕನ್ನಡ, ತೆಲುಗು ಮೂರರಲ್ಲೂ ಬರೆದ ಒಂದು ಫಲಕವನ್ನಾದರೂ ನಿಲ್ಲಿಸಬೇಕು. 1791ರಲ್ಲಿ ಇಲ್ಲಿ ಏನಾಯಿತು, ಯಾರು ಕಟ್ಟಿದರು, ಯಾರು ಸತ್ತರು ಎಂದು ಅದರಲ್ಲಿ ಬರೆಯಬೇಕು. ಹೊಸೂರು, ಕೆಲಮಂಗಲ, ಉದ್ದನಪಲ್ಲಿಗಳ ಶಾಲಾ ಮೇಷ್ಟ್ರುಗಳು ತಮ್ಮ ಮಕ್ಕಳನ್ನು ಒಂದು ದಿನ ರಾಯಕೋಟೆ ಬೆಟ್ಟಕ್ಕೆ ಕರೆದುಕೊಂಡು ಹೋಗಿ, ಮೇಲೆ ನಿಂತು ಈ ದಾರಿಯನ್ನು ತೋರಿಸಿ, ಇದರ ಮೇಲೆ ನಡೆದವರೆಲ್ಲರ ಕಥೆಯನ್ನು ಹೇಳಲಿ ಎಂದು ಕೇಳಿಕೊಳ್ಳುತ್ತೇನೆ.